ವಾರಣಾಶಿ ಸುಬ್ರಾಯ ಭಟ್ಟರ ಲೆಕ್ಕಾಚಾರವೂ ಮಕ್ಕಳಿಗೆ ತಿಳಿಯಲಿ

ಮಾನ್ಯ ಸಂಪಾದಕರೇ,

ಜುಲೈ 11 ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ ದಿನ. ಆ ಹೊತ್ತಿಗೆ ಸ್ಥಾಪಕಾಧ್ಯಕ್ಷ ವಾರಣಾಶಿ ಸುಬ್ರಾಯ ಭಟ್ಟರ ಭಾವಚಿತ್ರಕ್ಕೆ ಹಾರ ಬೀಳುತ್ತದೆ, ಬೆಳೆಗಾರರ ಬಂಧು ಎಂಬ ಮಾತು ಕೇಳಿಬರುತ್ತದೆ. ಮಾತು ಸುಳ್ಳಲ್ಲ. ಆದರೆ ಅಡ್ಯನಡ್ಕದ ಒಬ್ಬ ತೋಟಗಾರ ಮಂಗಳೂರು ಬಂದರಿನ ವ್ಯಾಪಾರಕ್ಕೆ ಎದುರು ನಿಲ್ಲುವ ಸಂಸ್ಥೆ ಕಟ್ಟಿದ್ದು ಯಾವ ಲೆಕ್ಕದ ಮೇಲೆ ಎಂದು ಕೇಳಿದರೆ ಇಂದಿನ ಕಾಲೇಜು ಮಕ್ಕಳಿಗೆ ಗೊತ್ತಿಲ್ಲ. ಗ್ರಾಮದ ಸಹಕಾರಿ ಸಂಘಗಳಿಗೆ ಹೊಸದಾಗಿ ಆರಿಸಿ ಬಂದ ನಿರ್ದೇಶಕರಲ್ಲೂ ಹಲವರಿಗೆ ಗೊತ್ತಿಲ್ಲ. ಅದಕ್ಕಾಗಿ ಈ ಪತ್ರ.

1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದು ಬಿದ್ದಿತ್ತು. ಕರಾವಳಿಯ ಚಾಲಿಯನ್ನು, ಅಂದರೆ ಹಣ್ಣಡಿಕೆಯನ್ನು ಸಿಪ್ಪೆ ಸಹಿತ ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆಯನ್ನು, ತಿನ್ನುವವರು ಹೆಚ್ಚಾಗಿ ಗುಜರಾತ್, ಮಹಾರಾಷ್ಟ್ರ ಮತ್ತು ಉತ್ತರ ಭಾರತದವರು. ಬೆಳೆದವನಿಗೂ ತಿನ್ನುವವನಿಗೂ ನಡುವೆ ಮೂರು ನಾಲ್ಕು ಕೈಗಳು. ಚಾಲಿಯ ಗಾತ್ರದ ದರ್ಜೆಗಳ ಹೆಸರು ಕೇಳಿದರೇ ಸಾಕು, ಮಾರುಕಟ್ಟೆ ಯಾರ ಕೈಯಲ್ಲಿತ್ತು ಎಂದು ತಿಳಿಯುತ್ತದೆ: ಮೋಟಿ, ಸೇವರ್ಧನ್, ಜಾಮ್‌ನಗರ್, ಜೀನಿ. ನಮ್ಮ ಅಂಗಳದಲ್ಲಿ ಒಣಗಿದ ಅಡಿಕೆಗೆ ಗುಜರಾತಿನ ಊರಿನ ಹೆಸರು! ಮಳೆಗಾಲದಲ್ಲಿ ಮನೆಖರ್ಚಿಗೆ ಮುಂಗಡ ಪಡೆದ ಬೆಳೆಗಾರ ಆ ಅಂಗಡಿಗೇ ಅಡಿಕೆ ಹಾಕಬೇಕಿತ್ತು. ದರ ಕೇಳುವ ಬಾಯಿ ಅಲ್ಲಿಗೇ ಕಟ್ಟಿಹೋಗುತ್ತಿತ್ತು.

ಅದಕ್ಕೂ ಮೊದಲು ಅಡಿಕೆಗೆ ಸಹಕಾರಿ ಸಂಸ್ಥೆಗಳು ಇರಲಿಲ್ಲವೆಂದಲ್ಲ. ಶಿರಸಿಯಲ್ಲಿ ಟಿಎಸ್ಎಸ್ 1923ರಿಂದ ಇದೆ, ಶಿವಮೊಗ್ಗದ ಮ್ಯಾಮ್ಕೋಸ್ 1939ರದ್ದು. ಅಲ್ಲಿಯ ಪದ್ಧತಿಯಲ್ಲಿ ಸದಸ್ಯ ಅಡಿಕೆಯನ್ನು ಸಂಘದ ಗೋದಾಮಿನಲ್ಲಿ ಇಡುತ್ತಾನೆ, ಅದರ ಮೇಲೆ ಮುಂಗಡ ಪಡೆಯುತ್ತಾನೆ. ಟೆಂಡರಿನಲ್ಲಿ ವ್ಯಾಪಾರಿಗಳು ದರ ಬರೆಯುತ್ತಾರೆ, ಒಪ್ಪಿದರೆ ಮಾರಾಟ, ಸಂಘಕ್ಕೆ ಕಮಿಷನ್. ಮಾಲು ಮಾರಾಟವಾಗುವ ತನಕ ಬೆಳೆಗಾರನದೇ. ದರ ಬಿದ್ದರೆ ನಷ್ಟವೂ ಅವನದೇ. 1973ರಲ್ಲಿ ಕ್ಯಾಂಪ್ಕೊ ಹಿಡಿದ ದಾರಿ ಬೇರೆ. ಅದು ನೇರ ಖರೀದಿ. ತೂಕ ಮಾಡಿ, ದರ್ಜೆ ನೋಡಿ, ಹಣ ಕೊಟ್ಟ ಮೇಲೆ ಅಡಿಕೆ ಸಂಸ್ಥೆಯದು, ಅಪಾಯವೂ ಸಂಸ್ಥೆಯದು. ಮಾರುವುದಕ್ಕೆ ಉತ್ತರದ ಊರುಗಳಲ್ಲಿ ಸ್ವಂತ ಡಿಪೋಗಳು. ಇಡೀ ಬೆಳೆಯನ್ನು ಕೊಳ್ಳಬೇಕಾಗಿಲ್ಲ. ಮಾರುಕಟ್ಟೆಯಲ್ಲಿ ಒಬ್ಬ ಖರೀದಿದಾರ ಬೆಳಗ್ಗೆ ಬಾಗಿಲು ತೆರೆದು ಇಂದಿನ ದರ ಇಷ್ಟು ಎಂದು ಹಲಗೆಯ ಮೇಲೆ ಬರೆದು ನಿಂತರೆ ಉಳಿದವರು ಅದಕ್ಕಿಂತ ತುಂಬ ಕೆಳಗೆ ಕೇಳಲಾರರು. ಕ್ಯಾಂಪ್ಕೊದ ನಿಜವಾದ ಬಲ ಅದು ಕೊಂಡ ಕ್ವಿಂಟಾಲುಗಳಿಗಿಂತ ಆ ಹಲಗೆಯಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ನೇರ ಖರೀದಿ ಎಂದರೆ ಸುಲಭವಲ್ಲ. ಕೈಸುಡುವುದು ಮೂರು ಕಡೆ. ಮೊದಲನೆಯದು ದರ್ಜೆ. ಚಾಲಿಯಲ್ಲಿ ಹೊಸತು, ಹಳತು. ಇಳಿದರ್ಜೆಯಲ್ಲಿ ಪಟೋರ, ಉಳ್ಳಿ, ಕೋಕ, ಕರಿಗೋಟು. ಒಂದು ಗೋಣಿ ಒಳ್ಳೆಯ ಚಾಲಿಯೊಳಗೆ ನಾಲ್ಕು ಕಿಲೋ ಪಟೋರ ಸೇರಿದರೆ ಕೊಳ್ಳುವಾಗ ಕಣ್ಣಿಗೆ ಬೀಳದು, ಡಿಪೋದಲ್ಲಿ ಸುರಿದು ಆರಿಸುವಾಗ ಎದ್ದು ಕಾಣುತ್ತದೆ. ಆ ವ್ಯತ್ಯಾಸವನ್ನು ಸಂಸ್ಥೆ ಹೊರಬೇಕು. ಅಡಿಕೆಯನ್ನು ಕಚ್ಚಿ, ಕತ್ತರಿಸಿ, ಕೈಯಲ್ಲಿ ಆಡಿಸಿ ಹೇಳಬಲ್ಲವನು ಖರೀದಿ ಕಟ್ಟೆಯಲ್ಲಿ ಕುಳಿತಿರಬೇಕು. ತೋಟದಿಂದ ಬಂದವರ ಉಪಯೋಗ ಇಲ್ಲೇ.

ಎರಡನೆಯದು ತೇವ. ಇದನ್ನು ಬೆಳೆಗಾರರು ಸಾಮಾನ್ಯವಾಗಿ ಲೆಕ್ಕ ಹಾಕುವುದೇ ಇಲ್ಲ. ನೂರರಲ್ಲಿ 10 ಪಾಲು ತೇವವಿರುವ 100 ಕ್ವಿಂಟಾಲ್ ಅಡಿಕೆ ಗೋದಾಮಿನಲ್ಲಿ ಒಣಗಿ 7 ಪಾಲಿಗೆ ಇಳಿದರೆ ಉಳಿಯುವುದು ಸುಮಾರು 96 ಕ್ವಿಂಟಾಲ್ 77 ಕಿಲೋ. ಒಂದು ಅಡಿಕೆಯೂ ಕಳ್ಳತನವಾಗದೆ ಮೂರು ಕ್ವಿಂಟಾಲಿಗಿಂತ ಹೆಚ್ಚು ಮಾಯ! ಅಂಗಳದಲ್ಲಿ ಒಂದೇ ಪದರವಾಗಿ ಹರವಿ, ಆಗಾಗ ಮಗುಚಿ, 40 ದಿನದ ಆಸುಪಾಸು ಒಳ್ಳೆಯ ಬಿಸಿಲು ಕಾಣಿಸಿದ ಅಡಿಕೆ, ಸಿಪ್ಪೆಯೊಳಗೆ ಗುಡುಗುಡು ಅಲುಗಾಡಿದ ಮೇಲೆ ಸುಲಿದರೆ ಈ ತೊಂದರೆ ಇಲ್ಲ. ದರ ಏರಿದ ವಾರ ಅವಸರದಲ್ಲಿ ಸುಲಿದು ತಂದರೆ ಇದೆ. ಜೂನ್ ಬಂದ ಮೇಲೆ ಕಥೆ ತಿರುಗಾಮುರುಗಾ. ಗಾಳಿಯ ತೇವ ಎಳೆದುಕೊಂಡು ಅಡಿಕೆ ಬೂಷ್ಟು ಹಿಡಿಯುತ್ತದೆ, ಹುಳು ಕೊರೆಯುತ್ತದೆ. ಗೋಣಿಗಳನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಒಟ್ಟಬೇಕು ಎಂಬ ಸಣ್ಣ ಶಿಸ್ತಿನಲ್ಲಿ ದೊಡ್ಡ ಹಣ ಉಳಿಯುತ್ತದೆ.

ಮೂರನೆಯದು ದುಡಿಯುವ ಬಂಡವಾಳ. ಹಳೆ ಅಡಿಕೆಗೆ ಹೊಸದಕ್ಕಿಂತ ಹೆಚ್ಚು ಬೆಲೆ ಎಂದು ವರ್ಷ ಪೂರ್ತಿ ಕಟ್ಟಿಟ್ಟರೆ ಬ್ಯಾಂಕಿನ ಬಡ್ಡಿಯೂ ಅಷ್ಟೇ ದಿನ ಓಡುತ್ತದೆ. ಏರಿದ ದರದಲ್ಲಿ ಗೋದಾಮು ತುಂಬಿಸಿಕೊಂಡು ದರ ಬಿದ್ದಾಗ ಕೂತ ಸಂಸ್ಥೆಗಳು ಮುಳುಗುವುದು ಇಲ್ಲಿಯೇ.

ಗಡಿಯ ವಿಷಯವನ್ನೂ ಹೇಳಬೇಕು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ತೋಟಗಳು ಒಂದೇ, ಸಂಬಂಧಿಕರು ಒಂದೇ, ರೋಗವೂ ಧಾರಣೆಯೂ ಒಂದೇ, ರಾಜ್ಯ ಎರಡು. ಒಂದೇ ರಾಜ್ಯದ ಸಂಘ ಕಟ್ಟಿದ್ದರೆ ಅರ್ಧ ಅಡಿಕೆ ಹೊರಗೇ ಉಳಿಯುತ್ತಿತ್ತು. ಹಾಗಾಗಿ ಎರಡೂ ಸರಕಾರಗಳನ್ನು ಜೊತೆಗೆ ತಂದು, ಎರಡು ರಾಜ್ಯಗಳ ಬೆಳೆಗಾರರಿಗೆ ಸದಸ್ಯತ್ವ ಕೊಡುವ ಸಂಸ್ಥೆಯಾಗಿ ಅದನ್ನು ರೂಪಿಸಲಾಯಿತು. ಎರಡು ವಿಧಾನಸೌಧಗಳ ಮೆಟ್ಟಿಲು ಹತ್ತಿ ಒಪ್ಪಿಸುವ ಈ ಕೆಲಸಕ್ಕೆ ಬೇಕಾದ ತಾಳ್ಮೆಯ ಬಗ್ಗೆ ಭಾಷಣಗಳಲ್ಲಿ ಕೇಳುವುದು ಕಡಿಮೆ.

ಕೊಕ್ಕೋ ಬಂದದ್ದು ಇನ್ನೂ ದೊಡ್ಡ ಪರೀಕ್ಷೆಯಾಗಿ. 2.7 ಮೀಟರ್ ಅಂತರದ ಅಡಿಕೆ ಸಾಲುಗಳಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಕೊಕ್ಕೋ ನೆಟ್ಟರೆ ಅಡಿಕೆಯ ನೆರಳೂ ಅದೇ ನೀರೂ ಅದಕ್ಕೆ ಸಾಕು. ಹೀಗೆ ಹಬ್ಬಿದ ಬೆಳೆಯನ್ನು ಕೊಳ್ಳುತ್ತಿದ್ದವರು, ಅಂತಾರಾಷ್ಟ್ರೀಯ ಬೆಲೆ ಬಿದ್ದ ಕೂಡಲೇ, 1980ರ ಹೊತ್ತಿಗೆ ಹಿಂದೆ ಸರಿದರು. ಆಗ ಕ್ಯಾಂಪ್ಕೊ ಖರೀದಿಗೆ ಇಳಿಯಿತು. ಅಡಿಕೆ ಕೊಂಡ ಅನುಭವ ಇಲ್ಲಿ ನೇರವಾಗಿ ಉಪಯೋಗಕ್ಕೆ ಬಾರದು. ಒಣ ಅಡಿಕೆಯನ್ನು ಚೆನ್ನಾಗಿ ಇಟ್ಟರೆ ವರ್ಷ ಕಾಯುತ್ತದೆ. ಕೊಕ್ಕೋ ಕಾಯಿ ಒಡೆದು ತೆಗೆದ ಹಸಿ ಬೀಜ ಒಂದು ದಿನವೂ ಕಾಯದು. ಅದೇ ದಿನ ಸಂಗ್ರಹಿಸಿ, ರಾಶಿ ಹಾಕಿ ಅಥವಾ ಪೆಟ್ಟಿಗೆಗೆ ತುಂಬಿ ಸುಮಾರು ಆರು ದಿನ ಹುದುಗಿಸಬೇಕು, ಮಧ್ಯೆ ಮೂರನೆಯ ಮತ್ತು ಐದನೆಯ ದಿನ ಮಗುಚಬೇಕು. ಹುದುಗು ಸಾಲದಿದ್ದರೆ ಬೀಜದ ಒಳಗೆ ನೇರಳೆ ಬಣ್ಣ ಉಳಿದು ಕಹಿಯಾಗುತ್ತದೆ, ಹೆಚ್ಚಾದರೆ ಕೊಳೆತ ವಾಸನೆ. ನಂತರ ತೇವ 6-7 ಪಾಲಿಗೆ ಇಳಿಯುವ ತನಕ ಒಣಗಿಸಬೇಕು. ಮೂರು ಕಿಲೋ ಹಸಿ ಬೀಜಕ್ಕೆ ಸಿಗುವುದು ಸುಮಾರು ಒಂದು ಕಿಲೋ ಒಣ ಬೀಜ. ನಮ್ಮಲ್ಲಿ ಕಾಯಿ ಹೆಚ್ಚು ಸಿಗುವ ಒಂದು ಅವಧಿ ಏಪ್ರಿಲ್‌ನಿಂದ ಜೂನ್, ಅಂದರೆ ಬಿಸಿಲು ಮುಗಿದು ಮಳೆ ಹಿಡಿಯುವ ಹೊತ್ತು. ಒಬ್ಬೊಬ್ಬ ಕೃಷಿಕ ಅಟ್ಟದ ಮೇಲೆ ಒಲೆಯ ಹೊಗೆಯಲ್ಲಿ ಒಣಗಿಸಿದರೆ ಹೊಗೆಯ ರುಚಿ ಚಾಕೊಲೇಟಿನವರೆಗೂ ಬರುತ್ತದೆ. ಹಸಿ ಬೀಜವನ್ನೇ ಕೊಂಡು ಹುದುಗಿಸುವ, ಒಣಗಿಸುವ ಕೆಲಸವನ್ನು ಸಂಸ್ಥೆ ತನ್ನ ಮೇಲೆ ಎಳೆದುಕೊಂಡದ್ದಕ್ಕೆ ಕಾರಣ ಇದು.

ಒಣ ಬೀಜವನ್ನು ಹಾಗೇ ಮಾರಿದರೆ ಮತ್ತೆ ಹೊರಗಿನವರ ದರಕ್ಕೆ ಕಾಯಬೇಕು. ಹುರಿದು, ಸಿಪ್ಪೆ ಹಾರಿಸಿ, ಅರೆದು ಒತ್ತಿದರೆ ತಿರುಳಿನ ಹೆಚ್ಚುಕಡಿಮೆ ಅರ್ಧ ಭಾಗ ಬೆಣ್ಣೆ, ಉಳಿದ ಹಿಂಡಿಯಿಂದ ಪುಡಿ. ಪುತ್ತೂರಿನ ಕೆಮ್ಮಿಂಜೆಯ ಚಾಕೊಲೇಟ್ ಕಾರ್ಖಾನೆ ಈ ಲೆಕ್ಕದಿಂದ ಹುಟ್ಟಿತು. 1986ರಲ್ಲಿ ಅಂದಿನ ರಾಷ್ಟ್ರಪತಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ಧೋತರ ಉಟ್ಟ ತೋಟಗಾರರ ಸಂಘಕ್ಕೆ ಚಾಕೊಲೇಟ್ ಯಾಕೆ ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮವರ ತಪ್ಪನ್ನು ಮುಚ್ಚಿಡುವುದು ಸರಿಯಲ್ಲ. ದರ ಏರಿದಾಗ ಒಳ್ಳೆಯ ಚಾಲಿಯನ್ನು ಬಿಲ್ ಇಲ್ಲದೆ ಹೊರಗೆ ಕೊಟ್ಟು, ಪಟೋರವನ್ನೂ ಕೋಕವನ್ನೂ ಸಂಘದ ಕಟ್ಟೆಗೆ ತರುವ ಸದಸ್ಯರಿದ್ದಾರೆ. ಧಾರಣೆ ಬಿದ್ದ ದಿನ ಸಂಸ್ಥೆ ಏನು ಮಾಡುತ್ತಿದೆ ಎಂದು ಕೂಗುವವರೂ ಅವರೇ. ಏರಿದಾಗ ಮಾಲು ಬಾರದ ಸಂಸ್ಥೆಯ ಕೈಯಲ್ಲಿ ಬಿದ್ದಾಗ ಕೊಳ್ಳುವ ಹಣ ಇರುವುದಿಲ್ಲ. ಇದು ಸಿಟ್ಟಿನ ಮಾತಲ್ಲ, ಜಮಾಖರ್ಚಿನ ಮಾತು. 2023ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಅಂಥ ರಕ್ಷಣೆ ಬೇಕು. ಆದರೆ ಖರೀದಿ ಕಟ್ಟೆಯಲ್ಲಿ ಗಟ್ಟಿ ಸಂಸ್ಥೆ ಇಲ್ಲದಿದ್ದರೆ ಆ ನೂರು ರೂಪಾಯಿಯ ಫಲ ತೋಟದವರೆಗೆ ಬರುವುದು ಕಷ್ಟ.

ಆದ್ದರಿಂದ ಸಂಬಂಧಪಟ್ಟವರಲ್ಲಿ ನಮ್ಮ ಕೋರಿಕೆ. ಆರಂಭದ ವರ್ಷಗಳ ಖರೀದಿ ಪುಸ್ತಕ, ದರ್ಜೆಯ ಮಾದರಿ, ಡಿಪೋ ಲೆಕ್ಕ, ಆಡಳಿತ ಮಂಡಳಿಯ ನಡಾವಳಿ ಗೆದ್ದಲು ತಿನ್ನುವ ಮೊದಲು ಸ್ಕ್ಯಾನ್ ಆಗಲಿ. ಆ ಕಾಲದಲ್ಲಿ ಕಟ್ಟೆಯಲ್ಲಿ ಕುಳಿತು ಅಡಿಕೆ ಆರಿಸಿದವರು, ಡಿಪೋ ನೋಡಿಕೊಂಡವರು, ಪೆಟ್ಟಿಗೆಯಲ್ಲಿ ಕೊಕ್ಕೋ ಮಗುಚಿದವರು ಇರುವಾಗಲೇ ಅವರ ಮಾತು ಧ್ವನಿಮುದ್ರಣವಾಗಲಿ. ಭಟ್ಟರ ಬಗ್ಗೆ ಕೇಳುವಾಗ ಗುಣಗಾನಕ್ಕಿಂತ ಮೊದಲು ಯಾವ ವರ್ಷ ಯಾವ ದರಕ್ಕೆ ಏಕೆ ಕೊಂಡಿರಿ, ಎಲ್ಲಿ ತಪ್ಪಿದಿರಿ ಎಂದು ಕೇಳಲಿ. ಪತ್ರಿಕೆಯೂ ಒಂದು ಉಪಕಾರ ಮಾಡಬಹುದು. ದಿನದ ಧಾರಣೆಯ ಪಟ್ಟಿಯ ಕೆಳಗೆ ವಾರಕ್ಕೊಮ್ಮೆಯಾದರೂ ಒಂದೊಂದು ದರ್ಜೆ ಎಂದರೆ ಏನು, ಅದನ್ನು ಗುರುತಿಸುವುದು ಹೇಗೆ ಎಂದು ಚಿತ್ರ ಸಹಿತ ನಾಲ್ಕು ಸಾಲು ಹಾಕಿದರೆ ಹೊಸ ತಲೆಮಾರಿನ ಬೆಳೆಗಾರರು ಗೋಣಿ ಕಟ್ಟುವ ಮೊದಲು ಅದನ್ನು ಓದುತ್ತಾರೆ.

ಇತಿ,
ಬಂಟ್ವಾಳ ತಾಲೂಕಿನ ಕೆಲವು ಅಡಿಕೆ ಬೆಳೆಗಾರರು