ಕೊಚ್ಚಿಯ ಆದಾಯ ತೆರಿಗೆ ಓಂಬುಡ್ಸ್‌ಮನ್ ಈಗಿಲ್ಲ, ದೂರು ಎಲ್ಲಿಗೆ?

ಮಾನ್ಯ ಸಂಪಾದಕರೇ,

ಆದಾಯ ತೆರಿಗೆಯ ರೀಫಂಡ್ ಬಾರದೆ ಕಾದು ಕೂತವರಿಗೆ ‘ಕೊಚ್ಚಿಯ ಓಂಬುಡ್ಸ್‌ಮನ್‌ಗೆ (ಇಲಾಖೆಯ ಮೇಲಿನ ದೂರು ಕೇಳುತ್ತಿದ್ದ ಅಧಿಕಾರಿ) ಒಂದು ಅರ್ಜಿ ಹಾಕಿ ನೋಡಿ’ ಎನ್ನುವವರು ಕಾಸರಗೋಡಿನ ಕಡೆ ಈಗಲೂ ಇದ್ದಾರೆ. ಅರ್ಜಿ ಹಾಕಲು ಆ ಕಚೇರಿಯೇ ಉಳಿದಿಲ್ಲ. 2003ರಲ್ಲಿ ಹುಟ್ಟಿದ ಆದಾಯ ತೆರಿಗೆ ಓಂಬುಡ್ಸ್‌ಮನ್ ವ್ಯವಸ್ಥೆಯನ್ನೂ 2011ರ ಪರೋಕ್ಷ ತೆರಿಗೆ ಓಂಬುಡ್ಸ್‌ಮನ್ ವ್ಯವಸ್ಥೆಯನ್ನೂ ಕೇಂದ್ರ ಸಚಿವ ಸಂಪುಟ 2019ರ ಫೆಬ್ರವರಿ 6ರಂದು ರದ್ದುಪಡಿಸಿತು. ಹೊಸ ದೂರುಗಳು ಒಂದಂಕಿಗೆ ಇಳಿದಿವೆ ಎಂಬುದು ಸರಕಾರ ಕೊಟ್ಟ ಕಾರಣ. ಬೆರಳೆಣಿಕೆಯ ದೊಡ್ಡ ಊರುಗಳಲ್ಲಷ್ಟೇ ಇದ್ದ ಕಚೇರಿಗೆ ದೂರು ಎಷ್ಟು ಬಂದೀತು, ಅದು ಬೇರೆ ಮಾತು.

ಈಗಿನ ದಾರಿ ಹಿಡಿಯುವ ಮುನ್ನ ಒಂದು ಸಂಗತಿ ತೀರ್ಮಾನವಾಗಬೇಕು. ತಕರಾರು ಇರುವುದು ಅಧಿಕಾರಿ ಹಾಕಿದ ಲೆಕ್ಕದ ಮೇಲೋ, ಆಗಬೇಕಾದ ಕೆಲಸ ಆಗದ್ದರ ಮೇಲೋ? ಹೆಚ್ಚಿನ ದೂರುಗಳು ಸೋಲುವುದು ಇಲ್ಲೇ. ತೆರಿಗೆ ಜಾಸ್ತಿ ಹಾಕಿದ್ದಾರೆ ಎಂದಾದರೆ ಅದಕ್ಕೆ ಮೇಲ್ಮನವಿಯೇ ಮದ್ದು: ಆದೇಶ ಕೈಸೇರಿದ 30 ದಿನಗಳೊಳಗೆ ಫಾರಂ 35. ನಿರ್ಧರಿಸಿದ ಆದಾಯ ಎರಡು ಲಕ್ಷ ಮೀರಿದ್ದರೆ ಶುಲ್ಕ 1000 ರೂಪಾಯಿ. ದೂರು ಕೊಟ್ಟು ಉತ್ತರಕ್ಕೆ ಕಾಯುತ್ತಾ ಕೂತರೆ ಆ 30 ದಿನ ಜಾರಿಹೋಗುತ್ತದೆ. ದೂರು ಕೊಟ್ಟಿದ್ದೇವೆಂದು ವಾಯಿದೆ ನಿಲ್ಲುವುದಿಲ್ಲ. ಆದೇಶದಲ್ಲಿ ಕೂಡು-ಕಳೆಯ ತಪ್ಪು, ಕಟ್ಟಿದ ಟಿಡಿಎಸ್ (ಹಣ ಕೊಡುವವರೇ ಮೊದಲೇ ಹಿಡಿದ ತೆರಿಗೆ) ಬಿಟ್ಟುಹೋದದ್ದು ಇಂಥ ಎದ್ದು ಕಾಣುವ ದೋಷವಿದ್ದರೆ 154ನೇ ಕಲಮಿನ ತಿದ್ದುಪಡಿ ಅರ್ಜಿ ಸಾಕು. ಅರ್ಜಿ ಸೇರಿದ ತಿಂಗಳು ಮುಗಿದು ಆರು ತಿಂಗಳೊಳಗೆ ಅಧಿಕಾರಿ ಅದನ್ನು ಇತ್ಯರ್ಥ ಮಾಡಬೇಕು. ಮಾಡದಿದ್ದರೆ, ಆಗ ಅದು ಒಳ್ಳೆಯ ದೂರು. (ಇಲ್ಲಿ ಹೇಳಿದ ಕಲಂ ಸಂಖ್ಯೆ 1961ರ ಕಾಯ್ದೆಯದು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದ್ದರೂ ಹಿಂದಿನ ವರ್ಷಗಳ ಲೆಕ್ಕ ಹಳೆಯದರ ಪ್ರಕಾರವೇ ನಡೆಯುತ್ತದೆ.)

ರೀಫಂಡ್ ವಿಷಯದಲ್ಲಿ ದೂರಿಗಿಂತ ಮೊದಲು ನೋಡಬೇಕಾದದ್ದು ಬ್ಯಾಂಕ್ ಖಾತೆ. ನಮ್ಮ ಕಡೆ ಹಳೆಯ ಖಾತೆಗಳಲ್ಲಿ ಬಹುಪಾಲು ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕಿನವು. ವಿಜಯಾ ಬ್ಯಾಂಕ್ 2019ರಲ್ಲಿ ಬರೋಡಕ್ಕೆ ಸೇರಿತು. ಸಿಂಡಿಕೇಟ್ ಕೆನರಾಕ್ಕೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ 2020ರಲ್ಲಿ ಸೇರಿದವು. ಶಾಖೆಯ ಗುರುತಿನ ಕೋಡ್ ಆದ ಐಎಫ್‌ಎಸ್‌ಸಿ ಬದಲಾಯಿತು, ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಹಳೆಯದೇ ಉಳಿಯಿತು. ಹಣ ಹೊರಟು ವಾಪಸಾಗುತ್ತದೆ, ಇಲಾಖೆಯ ಲೆಕ್ಕದಲ್ಲಿ ಅದು ‘ರೀಫಂಡ್ ಫೇಲ್ಡ್’. ‘ಮೈ ಬ್ಯಾಂಕ್ ಅಕೌಂಟ್’ನಲ್ಲಿ ಖಾತೆಯನ್ನು ಹೊಸ ಕೋಡಿನೊಂದಿಗೆ ವ್ಯಾಲಿಡೇಟ್ ಮಾಡಿ, ರೀಫಂಡಿಗೆ ನಾಮಿನೇಟ್ ಮಾಡಿ, ‘ರೀಫಂಡ್ ರೀಇಶ್ಯೂ’ ಕೋರಿಕೆ ಹಾಕಬೇಕು. ಪ್ಯಾನ್‌ನಲ್ಲಿ ಪೂರ್ತಿ ಹೆಸರು, ಪಾಸ್‌ಬುಕ್ಕಿನಲ್ಲಿ ಬರೀ ಇನಿಶಿಯಲ್ ಇದ್ದರೆ ವ್ಯಾಲಿಡೇಷನ್ ಅಲ್ಲೇ ಸಿಕ್ಕಿಬೀಳುತ್ತದೆ. ಅದನ್ನು ಬ್ಯಾಂಕಿನಲ್ಲೇ ಸರಿಪಡಿಸಬೇಕು, ಇಲಾಖೆಗೆ ಬರೆದು ಫಲವಿಲ್ಲ.

ಇನ್ನೊಂದು ಗಲ್ಫ್‌ನಲ್ಲಿರುವವರದು. ಅನಿವಾಸಿಗಳಿಗೆ ಪ್ಯಾನ್-ಆಧಾರ್ ಜೋಡಣೆ ಕಡ್ಡಾಯವಲ್ಲ. ಆದರೆ ಇಲಾಖೆಯ ದಾಖಲೆಯಲ್ಲಿ ಅವರು ‘ರೆಸಿಡೆಂಟ್’ ಎಂದೇ ಉಳಿದಿದ್ದರೆ, 2023ರ ಜುಲೈ 1ರಿಂದ ಪ್ಯಾನ್ ನಿಷ್ಕ್ರಿಯವಾಗಿರುತ್ತದೆ. ನಿಷ್ಕ್ರಿಯ ಪ್ಯಾನ್‌ಗೆ ರೀಫಂಡ್ ಇಲ್ಲ. ಪಾಸ್‌ಪೋರ್ಟ್ ಪ್ರತಿಯೊಂದಿಗೆ ತಮ್ಮ ವ್ಯಾಪ್ತಿಯ ಅಧಿಕಾರಿಗೆ ಬರೆದು ವಾಸಸ್ಥಿತಿ ತಿದ್ದಿಸಿಕೊಳ್ಳಬೇಕು.

ಇಷ್ಟೆಲ್ಲ ಸರಿಯಿದ್ದೂ ಹಣ ಬಾರದಿದ್ದರೆ ತಾರೀಕು ಎಣಿಸಿ. ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದು ಒಂಬತ್ತು ತಿಂಗಳವರೆಗೂ ಇಲಾಖೆಗೆ ಸಮಯವಿದೆ. 2025ರ ಜುಲೈಯಲ್ಲಿ ಕೊಟ್ಟ ರಿಟರ್ನ್‌ಗೆ 2026ರ ಡಿಸೆಂಬರ್ 31. ಅದಕ್ಕೆ ಮೊದಲು ಕೇಳಿದರೆ ‘ಪರಿಶೀಲನೆಯಲ್ಲಿದೆ’ ಎಂಬ ಸಿದ್ಧ ಉತ್ತರವೇ ಬರುತ್ತದೆ. ಅಷ್ಟರವರೆಗಿನ ಕಾಯುವಿಕೆ ಪೂರ್ತಿ ನಷ್ಟವೂ ಅಲ್ಲ: ರೀಫಂಡ್ ಮೊತ್ತ ತೆರಿಗೆಯ ಶೇ. 10ಕ್ಕಿಂತ ಕಡಿಮೆಯಿಲ್ಲದಿದ್ದರೆ ತಿಂಗಳಿಗೆ ಶೇ. 0.5ರಂತೆ ಬಡ್ಡಿ ಸೇರುತ್ತದೆ. ಆ ಬಡ್ಡಿಯನ್ನು ಮುಂದಿನ ರಿಟರ್ನ್‌ನಲ್ಲಿ ಆದಾಯವೆಂದು ತೋರಿಸಲು ಮಾತ್ರ ಮರೆಯಬಾರದು.

ದೂರು ಮೊದಲು ಇ-ಫೈಲಿಂಗ್ ಪೋರ್ಟಲ್‌ನ ‘ಗ್ರೀವೆನ್ಸಸ್’ ವಿಭಾಗದಲ್ಲಿ. ಅಲ್ಲಿ ಯಾರ ಮೇಲೆ ದೂರು ಎಂದು ಆರಿಸಬೇಕು. ರಿಟರ್ನ್ ಪ್ರೊಸೆಸಿಂಗ್ ಬೆಂಗಳೂರಿನ ಸಿಪಿಸಿಯ (ಇಲಾಖೆಯ ಕೇಂದ್ರೀಕೃತ ಪ್ರೊಸೆಸಿಂಗ್ ಕೇಂದ್ರ) ಕೆಲಸ, ಟಿಡಿಎಸ್ ಬೇರೆ ಸಿಪಿಸಿ, ಕಡತ ಅಧಿಕಾರಿಗೆ ಹೋಗಿದ್ದರೆ ಅಸೆಸಿಂಗ್ ಆಫೀಸರ್. ತಪ್ಪಿ ಆರಿಸಿದರೆ ‘ನಮಗೆ ಸಂಬಂಧಿಸಿದ್ದಲ್ಲ’ ಎಂದು ಮುಚ್ಚಿಬಿಡುತ್ತಾರೆ. ಸಹಕಾರಿ ಬ್ಯಾಂಕು ಠೇವಣಿ ಬಡ್ಡಿಯಿಂದ ಹಿಡಿದ ತೆರಿಗೆ 26ಎಎಸ್‌ನಲ್ಲಿ (ನಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ) ಕಾಣದಿದ್ದರೆ ತಿದ್ದುಪಡಿ ಸ್ಟೇಟ್‌ಮೆಂಟ್ ಕೊಡಬೇಕಾದವರು ಬ್ಯಾಂಕಿನವರು. ಆದರೆ ಹಿಡಿದದ್ದಕ್ಕೆ ಪುರಾವೆ ಇರುವಾಗ ಅದೇ ತೆರಿಗೆಯನ್ನು ಠೇವಣಿದಾರರಿಂದ ಮತ್ತೆ ವಸೂಲು ಮಾಡುವಂತಿಲ್ಲ ಎಂದು 205ನೇ ಕಲಂ ಹೇಳುತ್ತದೆ. ಡಿಮಾಂಡ್ ನೋಟಿಸು ಬಂದರೆ ಆ ಕಲಮನ್ನೇ ಉತ್ತರದಲ್ಲಿ ಬರೆಯಿರಿ.

ಅಕ್ಷಯ ಕೇಂದ್ರಗಳಲ್ಲಿ (ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರಗಳು) ಬರೆಸುವ ದೂರುಗಳು ಪುಟಗಟ್ಟಲೆ ಉದ್ದವಿರುತ್ತವೆ. ಬೇಕಾದದ್ದು ಇಷ್ಟೇ: ‘ಪ್ಯಾನ್ ಇಂಥದ್ದು, ಅಸೆಸ್‌ಮೆಂಟ್ ವರ್ಷ ಇಂಥದ್ದು, ಅಕ್ನಾಲೆಜ್‌ಮೆಂಟ್ ಸಂಖ್ಯೆ ಇಂಥದ್ದು. ಇಂಥ ದಿನದ ಇಂಟಿಮೇಷನ್ ಪ್ರಕಾರ ಇಷ್ಟು ರೂಪಾಯಿ ರೀಫಂಡ್ ಬಾಕಿ. ಖಾತೆ ವ್ಯಾಲಿಡೇಟ್ ಆಗಿದೆ. ಬಡ್ಡಿಸಹಿತ ಬಿಡುಗಡೆ ಮಾಡಿ.’ (ಇಂಟಿಮೇಷನ್ ಎಂದರೆ ರಿಟರ್ನ್ ಪ್ರೊಸೆಸ್ ಮಾಡಿ ಇಲಾಖೆ ಕಳಿಸುವ ಲೆಕ್ಕದ ಪತ್ರ.) ಒಂದು ದೂರಿಗೆ ಒಂದೇ ವರ್ಷ, ಒಂದೇ ಬೇಡಿಕೆ. ಮೂರು ವರ್ಷದ್ದು ಸೇರಿಸಿದರೆ ಸುಲಭದ್ದೊಂದಕ್ಕೆ ಉತ್ತರ ಕೊಟ್ಟು ಉಳಿದದ್ದನ್ನೂ ಮುಗಿಸುತ್ತಾರೆ.

ಅಲ್ಲೂ ಆಗದಿದ್ದರೆ ಕೇಂದ್ರ ಸರಕಾರದ ದೂರು ಪೋರ್ಟಲ್ ಸಿಪಿಗ್ರಾಮ್ಸ್. ನೇರ ತೆರಿಗೆ ಮಂಡಳಿಯನ್ನು ಆರಿಸಿ, ಹಿಂದಿನ ದೂರಿನ ಸಂಖ್ಯೆ ನಮೂದಿಸಿ. 2024ರ ಮಾರ್ಗಸೂಚಿಯಂತೆ 21 ದಿನಗಳಲ್ಲಿ ಇತ್ಯರ್ಥವಾಗಬೇಕು. ಬರೀ ಸಬೂಬು ಹೇಳಿ ಮುಚ್ಚಿದರೆ 30 ದಿನಗಳೊಳಗೆ ಅಲ್ಲೇ ಅಪೀಲು ಇದೆ. ಬಹಳ ಮಂದಿ ಇದನ್ನು ಬಳಸುವುದೇ ಇಲ್ಲ. ನ್ಯಾಯಾಲಯದಲ್ಲಿರುವ ವಿಷಯ ಇಲ್ಲಿ ನಡೆಯದು. ಕನ್ನಡದಲ್ಲೇ ಬರೆಯಬಹುದು. ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಮಾತ್ರ ಆ ವಿಧಿ ಹೇಳುವುದಿಲ್ಲ.

ಕೇರಳದಲ್ಲಿ ಓಂಬುಡ್ಸ್‌ಮನ್ ಇಲ್ಲವೆಂದಲ್ಲ. ಸ್ಥಳೀಯಾಡಳಿತ ಸಂಸ್ಥೆಗಳ ಓಂಬುಡ್ಸ್‌ಮನ್ ಕಚೇರಿ ತಿರುವನಂತಪುರದಲ್ಲಿದೆ. ಅದರ ವ್ಯಾಪ್ತಿ ಪಂಚಾಯತು, ನಗರಸಭೆಗಳಿಗಷ್ಟೇ. ಪಂಚಾಯತಿಗೆ ವರ್ಷವರ್ಷ ಕಟ್ಟುವ ಕಟ್ಟಡ ತೆರಿಗೆಯಲ್ಲಿ ದುರಾಡಳಿತ, ಲಂಚ ನಡೆದಿದ್ದರೆ ಅಲ್ಲಿಗೆ ಹೋಗಬಹುದು. ಮನೆ ಕಟ್ಟಿದಾಗ ಒಮ್ಮೆ ಹಾಕುವ ಕಟ್ಟಡ ತೆರಿಗೆ 1975ರ ಬೇರೊಂದು ಕಾಯ್ದೆಯದು. ಅದು ಕಂದಾಯ ಇಲಾಖೆಗೆ ಸೇರಿದ್ದು, ತಹಶೀಲ್ದಾರರ ಆದೇಶದ ಮೇಲೆ ಅಪೀಲು ಆರ್‌ಡಿಒಗೆ (ಕಂದಾಯ ವಿಭಾಗಾಧಿಕಾರಿ). ಇವೆರಡನ್ನು ಕಲಸಿ ಓಂಬುಡ್ಸ್‌ಮನ್‌ಗೆ ಬರೆದರೆ ಅಂಚೆ ಖರ್ಚು ದಂಡ. ವಿಲ್ಲೇಜ್ ಆಫೀಸು, ತಾಲೂಕು ಕಚೇರಿಗಳಿಗೆ ಬರೆಯುವಾಗ ಭಾಷೆಯ ಬಲ ಇನ್ನೂ ಹೆಚ್ಚು: ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆ ಕನ್ನಡದ ಅರ್ಜಿಗೆ ಕನ್ನಡದಲ್ಲೇ ಉತ್ತರ ಕೊಡಬೇಕೆಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಹೇಳುತ್ತದೆ. ಮಲಯಾಳದಲ್ಲಿ ಉತ್ತರ ಬಂದರೆ ಆ ಕಾಯ್ದೆಯನ್ನು ಹೆಸರಿಸಿ ಕನ್ನಡ ಪ್ರತಿ ಕೇಳಿ ಪಡೆಯಬಹುದು.

— ತೆರಿಗೆ ಸಲಹೆಗಾರರೊಬ್ಬರು, ಬದಿಯಡ್ಕ