ರೀಡಿಂಗ್ ಹೊಂದಿಸಿ ಬರೆಯಬೇಡ ಪುಟ್ಟಿ

ಪ್ರೀತಿಯ ಪುಟ್ಟಿಗೆ,

ಮಂಡ್ಯದಿಂದ ನಿನ್ನ ಮಾವ ಮಾಡುವ ಆಶೀರ್ವಾದಗಳು. ನಾನು, ನಿನ್ನ ಅತ್ತೆ ಕ್ಷೇಮ. ಮೈಸೂರಿನ ಕಾಲೇಜಿನಲ್ಲಿ ನಿನಗೆ ಸಿವಿಲ್ ಡಿಪ್ಲೊಮಾದ ಸರ್ವೇ ಪ್ರಾಕ್ಟಿಕಲ್ ಶುರುವಾಗಿದೆ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಬಿಸಿಲಲ್ಲಿ ನಿಂತು ಸಾಕಾಗಿದೆಯಂತೆ. ರೀಡಿಂಗ್ ತಾಳೆ ಆಗದಿದ್ದರೆ ಸೀನಿಯರ್‌ಗಳ ರೆಕಾರ್ಡ್ ನೋಡಿ ಹೊಂದಿಸಿಬಿಡುತ್ತಾರೆ ಅಂತಲೂ ನೀನು ಅಂದೆಯಂತೆ. ಆ ಮಾತಿಗಾಗಿಯೇ ಈ ಕಾಗದ.

ಹಾಗೆ ಮಾತ್ರ ಮಾಡಬೇಡ. ನಾಲ್ಕು ಮಾರ್ಕು ಹೋದರೆ ಹೋಗಲಿ.

ನಮ್ಮ ವಿಶ್ವೇಶ್ವರಯ್ಯ ನಾಲೆಯನ್ನೇ ನೋಡು. ಕೆಆರ್‌ಎಸ್‌ನಿಂದ ಹೊರಟ ನೀರು ಮದ್ದೂರು, ಮಳವಳ್ಳಿ ಕಡೆಗೆ ಇಳಿಜಾರಿನಲ್ಲೇ ಹರಿದು ಹೋಗುತ್ತದೆ. ಹುಲಿಕೆರೆ ಹತ್ತಿರ ಗುಡ್ಡ ಅಡ್ಡ ಬಂತು, ಸುರಂಗ ಕೊರೆದು ದಾಟಿಸಿದರು. ಎರಡೂ ಕಡೆಯ ಮಟ್ಟ ಸರಿಯಾಗಿ ಗೊತ್ತಿಲ್ಲದೆ ಹಾಗೆ ಕೊರೆಯೋಕೆ ಆಗುತ್ತಿತ್ತಾ? ಸ್ಟಾಫ್, ಅಂದರೆ ಅಳತೆಯ ಕೋಲು ನಿಲ್ಲಿಸಿ, ಒಂದೊಂದೇ ರೀಡಿಂಗ್ ಬರೆದುಕೊಂಡು ಹೋದವರಿಂದ ಆದ ಕೆಲಸ ಅದು. ಮಟ್ಟ ತಪ್ಪಿದ ನಾಲೆಯಲ್ಲಿ ಒಂದು ಕಡೆ ನೀರು ನಿಂತು ಜೌಗಾಗುತ್ತದೆ, ಕೊನೇ ಭಾಗದ ರೈತ ಒಣಗಿದ ಗದ್ದೆ ನೋಡಿಕೊಂಡು ಕೂರುತ್ತಾನೆ. ನಾನು ಜೂನಿಯರ್ ಎಂಜಿನಿಯರ್ ಆಗಿ ನಾಲೆ ಏರಿ ಮೇಲೆ ಓಡಾಡಿದವನು. ಆ ರೈತರ ಮುಖ ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಲೆವೆಲಿಂಗ್, ಅಂದರೆ ನೆಲದ ಮಟ್ಟ ಅಳೆಯುವಾಗ ಬಿಎಸ್ (ಎತ್ತರ ಗೊತ್ತಿರುವ ಹಿಂದಿನ ಜಾಗದ ರೀಡಿಂಗ್) ಮೊತ್ತದಲ್ಲಿ ಎಫ್‌ಎಸ್ (ಮುಂದಿನ ಜಾಗದ ರೀಡಿಂಗ್) ಮೊತ್ತ ಕಳೆದರೆ, ಕೊನೆಯ ಆರ್‌ಎಲ್‌ನಲ್ಲಿ (ಆ ಜಾಗದ ಎತ್ತರದಲ್ಲಿ) ಮೊದಲ ಆರ್‌ಎಲ್ ಕಳೆದಷ್ಟೇ ಬರಬೇಕು ಅಂತ ಹೇಳಿಕೊಟ್ಟಿರುತ್ತಾರೆ. ಅದು ತಾಳೆ ಆಯಿತು ಅಂದರೆ ನಿನ್ನ ಕೂಡಿ ಕಳೆಯೋದು ಸರಿಯಿದೆ ಅಂತ, ಅಷ್ಟೇ. ರೀಡಿಂಗೇ ತಪ್ಪಾಗಿದ್ದರೆ ಅದರಲ್ಲಿ ಗೊತ್ತಾಗುವುದಿಲ್ಲ. ಅದು ಗೊತ್ತಾಗಬೇಕಾದರೆ ಹೊರಟ ಬೆಂಚ್ ಮಾರ್ಕ್‌ಗೇ, ಅಂದರೆ ಎತ್ತರ ಗೊತ್ತಿರುವ ಗುರುತಿಗೇ ವಾಪಸ್ ಬಂದು ನೋಡಬೇಕು. ಹುಡುಗರು ಬೇಜಾರಾಗಿ ಇದನ್ನೇ ಬಿಟ್ಟುಬಿಡುತ್ತಾರೆ. ನೀನು ಬಿಡಬೇಡ. ಸ್ಟಾಫ್ ಓರೆಯಾದರೆ ರೀಡಿಂಗ್ ಜಾಸ್ತಿ ಬರುತ್ತದೆ. ಹಿಡಿದವರಿಗೆ ಅದನ್ನು ಮೆಲ್ಲಗೆ ಹಿಂದೆ ಮುಂದೆ ವಾಲಿಸಲು ಹೇಳು, ಎಲ್ಲಕ್ಕಿಂತ ಕಡಿಮೆ ಕಂಡದ್ದನ್ನು ಬರೆದುಕೋ. ಪ್ರತಿ ಸಲವೂ ಲೆವೆಲ್ ಯಂತ್ರದ ಗುಳ್ಳೆ ನಡುವೆ ಇದೆಯಾ ನೋಡು. ಫೀಲ್ಡ್ ಬುಕ್ಕಿನಲ್ಲಿ ತಪ್ಪಾದರೆ ರಬ್ಬರ್ ಹಾಕಬೇಡ, ಒಂದು ಗೆರೆ ಎಳೆದು ಮೇಲೆ ಸರಿಯಾದದ್ದನ್ನು ಬರಿ. ಹಳೇ ಅಂಕಿಯೂ ಕಾಣುತ್ತಿರಲಿ.

ಕಾಂಕ್ರೀಟ್ ಲ್ಯಾಬಿಗೂ ಇದೇ ಮಾತು. ಎಂ20 ದರ್ಜೆಯ ಕಾಂಕ್ರೀಟ್ ಅಂದರೆ 28 ದಿನಕ್ಕೆ ಒಂದು ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಡೆಯಬೇಕು. 150 ಮಿ.ಮೀ. ಕ್ಯೂಬಾದರೆ ಅದನ್ನು ಒತ್ತಿ ಒಡೆಯುವ ಮಿಷಿನ್ನಿನ ಮುಳ್ಳು 450 ಕಿಲೋನ್ಯೂಟನ್ ದಾಟಬೇಕು. ನಿನ್ನದು 380ಕ್ಕೇ ಒಡೆಯಿತಾ? 380 ಅಂತಲೇ ಬರಿ. ಆಮೇಲೆ ಯಾಕೆ ಒಡೆಯಿತು ಅಂತ ಕೂತು ಯೋಚನೆ ಮಾಡು. ನೀರು ಜಾಸ್ತಿಯಾಯಿತಾ, ಸರಿಯಾಗಿ ಕುಟ್ಟಲಿಲ್ವಾ, ನೀರಲ್ಲಿಟ್ಟು ಕ್ಯೂರಿಂಗ್ ಆಗಲಿಲ್ವಾ? ಆ ಯೋಚನೆಯಲ್ಲಿ ಸಿಗುವ ಪಾಠ ಬೇರೆಯವರ ರೆಕಾರ್ಡ್ ನೋಡಿ 470 ಅಂತ ಬರೆದರೆ ಸಿಗುವುದಿಲ್ಲ.

ನಾಳೆ ಕೆಲಸಕ್ಕೆ ಹೋದಾಗ ಇದರ ಬೆಲೆ ಗೊತ್ತಾಗುತ್ತದೆ. ನೀರು ಸಿಮೆಂಟಿನ ತೂಕದ ಅರ್ಧ ಇರಬೇಕು ಅಂದರೆ 50 ಕೆಜಿ ಮೂಟೆಗೆ 25 ಲೀಟರ್. ಮಾಲು ಗಟ್ಟಿಯಾಯಿತು, ಎಳೆಯೋಕೆ ಆಗಲ್ಲ ಅಂತ ಇನ್ನೊಂದು ಬಕೆಟ್ ಸುರಿಯುತ್ತಾರೆ. ಆ ಹೆಚ್ಚಿನ ನೀರು ಆರಿಹೋಗಿ ಒಳಗೆಲ್ಲ ಸಣ್ಣ ಸಣ್ಣ ತೂತು ಉಳಿಯುತ್ತದೆ. ‘ಬೇಡ’ ಅನ್ನುವ ಧೈರ್ಯ ಬರಬೇಕಾದರೆ ಕಾಲೇಜಿನಲ್ಲೇ ನೀನು ಕಣ್ಣಾರೆ ನೋಡಿರಬೇಕು. ಹಾಗಂತ ಮೇಸ್ತ್ರಿ ಮೇಲೆ ಜೋರು ಮಾಡಬೇಡ. ‘ಹೋಗಿ ಬನ್ನಿ’ ಅಂತಲೇ ಮಾತಾಡಿಸು. ತೂಕದ ಗುಂಡು ಬಿಟ್ಟು ಗೋಡೆ ನೋಡೋದು, ಕಂಬಿ ಕಟ್ಟೋದು ಅವರಿಗಿಂತ ಚೆನ್ನಾಗಿ ಯಾರೂ ಹೇಳಿಕೊಡಲ್ಲ. ಹುಡುಗಿ ಅಂತ ಮೊದಮೊದಲು ಯಾರಾದರೂ ಪಕ್ಕಕ್ಕೆ ನಿಲ್ಲಿಸಿದರೆ ಸುಮ್ನೆ ನಿಲ್ಲಬೇಡ, ಟೇಪ್ ಹಿಡಿದು ಮುಂದೆ ಹೋಗು.

ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಸೇರುವ ಆಸೆ ನಿನಗಿದೆ ಅಂತ ಗೊತ್ತು. ಬರಿ, ಬೇಡ ಅನ್ನಲ್ಲ. ಖರ್ಚಿನ ಚಿಂತೆ ನಿಮ್ಮಪ್ಪನಿಗೆ, ನನಗೆ ಬಿಡು. ಆದರೆ ಅದರ ಕೋಚಿಂಗಿಗೆ ಅಂತ ಲ್ಯಾಬ್ ತಪ್ಪಿಸಬೇಡ. ಕನ್ನಡ ಮೀಡಿಯಂನಿಂದ ಬಂದೆ ಅಂತ ಹಿಂಜರಿಯಲೂ ಬೇಡ. ಪುಸ್ತಕದ ಇಂಗ್ಲಿಷ್ ಅರ್ಥವಾಗದಿದ್ದರೆ ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೋ.

ಬರುವ ಭಾನುವಾರ ನಮ್ಮ ಬೀದಿಯಲ್ಲಿ ಒಂದು ಮನೆಗೆ ಮೋಲ್ಡ್ ಹಾಕುತ್ತಾರೆ. ಮೇಸ್ತ್ರಿಗೆ ಹೇಳಿಟ್ಟಿದ್ದೇನೆ. ಶನಿವಾರ ಸಂಜೆಯೇ ಬಸ್ ಹತ್ತು, ಬೆಳಿಗ್ಗೆ ಬೇಗ ಶುರುವಾಗುತ್ತದೆ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬಾ. ಫೀಲ್ಡ್ ಬುಕ್ಕೂ ತಗೊಂಡು ಬಾ, ನೋಡಬೇಕು.

ಇಂತಿ,
ನಿನ್ನ ಮಾವ