ಸಂಸದರ ವರದಿಯಲ್ಲಿ ಕಾಯ್ದೆಗಳ ಮಾತೂ ಇರಲಿ

ಮಾನ್ಯ ಸಂಪಾದಕರೆ,

ಸಂಸತ್ತಿನ ಪ್ರತಿ ಅಧಿವೇಶನ ಮುಗಿದ ಮೇಲೆ ಲೋಕಸಭಾ ಸದಸ್ಯರು ತಮ್ಮ ಕ್ಷೇತ್ರದ ಮತದಾರರಿಗೆ ಕನ್ನಡದಲ್ಲಿ ಒಂದು ಲಿಖಿತ ವರದಿಯನ್ನು ಕೊಡಬೇಕು. ಆ ಅಧಿವೇಶನದಲ್ಲಿ ಬಂದ ಮಸೂದೆಗಳಲ್ಲಿ ನಮ್ಮ ಜಿಲ್ಲೆಯ ಬದುಕಿಗೆ ತಾಗುವಂಥವು ಯಾವುವು, ಅವುಗಳ ಬಗ್ಗೆ ಅವರು ಸದನದಲ್ಲಿ ಏನು ಹೇಳಿದರು, ಪರವಾಗಿ ನಿಂತರೋ ವಿರೋಧಿಸಿದರೋ ಎಂಬುದು ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಈ ಬೇಡಿಕೆಯನ್ನು ರಾಜ್ಯದ 28 ಲೋಕಸಭಾ ಸದಸ್ಯರ ಮುಂದೆ, ಯಾವ ಪಕ್ಷವೆಂದು ನೋಡದೆ, ಇಡುತ್ತಿದ್ದೇನೆ. ಉತ್ತರ ಕನ್ನಡದವನಾದ್ದರಿಂದ ಉದಾಹರಣೆಗಳನ್ನು ನಮ್ಮ ಕ್ಷೇತ್ರದಿಂದಲೇ ಕೊಡುತ್ತೇನೆ.

ಸಾಧನೆಯ ಪುಸ್ತಿಕೆಗಳು ಬರುವುದಿಲ್ಲವೆಂದಲ್ಲ. ಆದರೆ ಅವುಗಳಲ್ಲಿ ಹೆಚ್ಚಾಗಿ ಇರುವುದು ಶಂಕುಸ್ಥಾಪನೆಯ ಚಿತ್ರಗಳು, ಸಮುದಾಯ ಭವನ, ಬಸ್ ತಂಗುದಾಣ, ಹೈಮಾಸ್ಟ್ ದೀಪಗಳ ಪಟ್ಟಿ. 1993ರಲ್ಲಿ ಆರಂಭವಾದ ಸಂಸದರ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಈಗ ವರ್ಷಕ್ಕೆ ಐದು ಕೋಟಿ ರೂಪಾಯಿ ದೊರೆಯುತ್ತಿದ್ದು, ಅದರ ಲೆಕ್ಕ ಜನರಿಗೆ ತಿಳಿಯಲೇಬೇಕು. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಆ ಮೊತ್ತ ಎಷ್ಟು ದೂರ ಬಂದೀತು ಎಂಬುದೂ ಎಲ್ಲರಿಗೂ ಗೊತ್ತು. ಸಂಸದರನ್ನು ನಾವು ದೆಹಲಿಗೆ ಕಳಿಸುವುದು ಮೊದಲಾಗಿ ಕಾಯ್ದೆ ಮಾಡುವುದಕ್ಕೆ. ವರದಿಯಲ್ಲಿ ಆ ಕೆಲಸದ ಮಾತೇ ಕಾಣುವುದು ಅಪರೂಪ.

ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿಯನ್ನೇ ನೋಡೋಣ. ಭೂಭಾಗದ ಬಹುಪಾಲು ಅರಣ್ಯವೇ ಆಗಿರುವ, ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟವನ್ನೂ (ಗೊಬ್ಬರದ ಸೊಪ್ಪಿಗೆಂದು ತೋಟಕ್ಕೆ ಬಿಟ್ಟುಕೊಟ್ಟ ಕಾಡು), ಮನೆಗೆ ಹಿಡಿದ ದಾರಿಗೆ ಅರಣ್ಯ ಇಲಾಖೆಯ ಒಪ್ಪಿಗೆಯನ್ನೂ ನೆಚ್ಚಿಕೊಂಡಿರುವ ನಮ್ಮಂಥ ಜಿಲ್ಲೆಗೆ ಇದಕ್ಕಿಂತ ಹತ್ತಿರದ ಕಾಯ್ದೆ ಇನ್ನೊಂದಿರಲಾರದು. ಮಸೂದೆ ಮಂಡನೆಯಾದದ್ದು ಆ ವರ್ಷದ ಮಾರ್ಚ್ ಕೊನೆಯಲ್ಲಿ. ಕೂಡಲೇ ಅದು ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಸಮಿತಿ ಸಾರ್ವಜನಿಕರಿಂದ ಸಲಹೆಗಳನ್ನೂ ಕೇಳಿತು. ಜುಲೈಯಲ್ಲಿ ಸಮಿತಿಯ ವರದಿ ಬಂದಾಗ ಅದು ಮಸೂದೆಯಲ್ಲಿ ಯಾವ ಬದಲಾವಣೆಯನ್ನೂ ಸೂಚಿಸಿರಲಿಲ್ಲ. ಮಣಿಪುರದ ವಿಷಯದಲ್ಲಿ ನಡೆದಿದ್ದ ಗದ್ದಲದ ನಡುವೆ ಜುಲೈ 26ರಂದು ಲೋಕಸಭೆ ಅದನ್ನು ಅಂಗೀಕರಿಸಿತು, ಆಗಸ್ಟ್ 2ರಂದು ರಾಜ್ಯಸಭೆ ಅಂಗೀಕರಿಸಿತು, ಡಿಸೆಂಬರ್ 1ರಂದು ತಿದ್ದುಪಡಿ ಜಾರಿಗೆ ಬಂದಿತು. ಯಾವ ಭೂಮಿಯನ್ನು ಅರಣ್ಯವೆಂದು ಪರಿಗಣಿಸಬೇಕು ಎಂಬ, 1996ರಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ನಡೆದುಕೊಂಡು ಬಂದ ಪ್ರಶ್ನೆಯನ್ನೇ ಈ ತಿದ್ದುಪಡಿ ಹೊಸದಾಗಿ ಬರೆಯಹೊರಟಿತು. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ನೀಡಿ, ಸದ್ಯಕ್ಕೆ 1996ರ ಆ ಹಳೆಯ ವ್ಯಾಖ್ಯೆಯನ್ನೇ ಅನುಸರಿಸುವಂತೆ ಹೇಳಬೇಕಾಯಿತು.

ಮಸೂದೆ ಸಮಿತಿಯ ಮುಂದಿದ್ದ ಆ ಕೆಲವು ತಿಂಗಳುಗಳಲ್ಲಿ ಕ್ಷೇತ್ರದ ಪ್ರತಿ ಗ್ರಾಮ ಪಂಚಾಯಿತಿಗೂ ಎರಡು ಪುಟದ ಒಂದು ಕನ್ನಡ ಪತ್ರ ಬಂದಿದ್ದರೆ, ಬೆಟ್ಟದ ಹಕ್ಕುದಾರರು, ಅರಣ್ಯ ಹಕ್ಕು ಸಮಿತಿಗಳು, ಸಹಕಾರಿ ಸಂಘಗಳು ತಮ್ಮ ಮಾತನ್ನು ಸಮಿತಿಗೆ ಬರೆದು ಕಳಿಸಬಹುದಾಗಿತ್ತು. ತಿದ್ದುಪಡಿ ಒಳ್ಳೆಯದೋ ಕೆಟ್ಟದೋ ಎಂಬ ಬಗ್ಗೆ ನಮ್ಮಲ್ಲೇ ಎರಡು ಅಭಿಪ್ರಾಯಗಳಿವೆ, ಅದು ಸಹಜ. ಅಭಿಪ್ರಾಯ ಹೇಳುವ ಹೊತ್ತು ಕಳೆದ ಮೇಲೆ ಕಾಯ್ದೆಯ ಹೆಸರು ಕಿವಿಗೆ ಬೀಳುವುದು ಮಾತ್ರ ಯಾರಿಗೂ ಒಪ್ಪಿಗೆಯಾಗುವ ಮಾತಲ್ಲ.

ಇದೇ ಮಾತು 2006ರ ಅರಣ್ಯ ಹಕ್ಕು ಕಾಯ್ದೆಗೂ ಸಲ್ಲುತ್ತದೆ. ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯ ಕೊಡಬೇಕೆಂಬ ಷರತ್ತು ನಮ್ಮಲ್ಲಿ ಎಷ್ಟು ಕುಟುಂಬಗಳ ಅರ್ಜಿಗೆ ಅಡ್ಡಬಂದಿದೆ ಎಂಬುದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ, ಹೊನ್ನಾವರದ ಯಾವ ಹಳ್ಳಿಗೆ ಹೋದರೂ ಕೇಳಬಹುದು. ಆ ಷರತ್ತನ್ನು ತಹಶೀಲ್ದಾರರಾಗಲಿ, ಜಿಲ್ಲಾಧಿಕಾರಿಗಳಾಗಲಿ, ರಾಜ್ಯ ಸಚಿವ ಸಂಪುಟವಾಗಲಿ ಸಡಿಲಿಸಲಾರವು. ಅದು ಸಂಸತ್ತಿನಿಂದಲೇ ಆಗಬೇಕು. ಚುನಾವಣೆ ಬಂದಾಗ ವೇದಿಕೆಗಳಲ್ಲಿ ಕೇಳಿಬರುವ ಈ ಭರವಸೆ ಅಧಿವೇಶನದಲ್ಲಿ ಏನಾಯಿತು, ಸದನದಲ್ಲಿ ಪ್ರಸ್ತಾಪವಾಯಿತೇ, ಸಚಿವರಲ್ಲದ ಸದಸ್ಯರು ತರಬಹುದಾದ ಖಾಸಗಿ ಮಸೂದೆಯ ಯೋಚನೆ ಇದೆಯೇ, ಸಚಿವಾಲಯ ಕೊಟ್ಟ ಉತ್ತರವೇನು ಎಂಬುದನ್ನು ತಿಳಿಸಬೇಕಾದವರು ಸಂಸದರೇ.

ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಲೋಕಸಭೆಯಲ್ಲಿ ಬಹಳಷ್ಟು ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಮೇಲೆ ಹೇಳಿದ ಅರಣ್ಯ ತಿದ್ದುಪಡಿ ಹಾಗೆಯೇ ಆಯಿತು. 2023ರ ಡಿಸೆಂಬರ್ 20ರಂದು ಭಾರತೀಯ ನ್ಯಾಯ ಸಂಹಿತೆಯೂ ಹಾಗೆಯೇ ಆಯಿತು. ಧ್ವನಿಮತದಲ್ಲಿ ಯಾರು ಯಾವ ಕಡೆ ಇದ್ದರು ಎಂಬ ಹೆಸರುವಾರು ದಾಖಲೆ ಉಳಿಯುವುದಿಲ್ಲ. ಮತವಿಭಜನೆ ನಡೆದು ಒಬ್ಬೊಬ್ಬರ ಮತ ದಾಖಲಾದಾಗ ಮಾತ್ರ ಆ ಲೆಕ್ಕ ಸಿಗುತ್ತದೆ: ಮಹಿಳಾ ಮೀಸಲಾತಿಯ ಸಂವಿಧಾನ ತಿದ್ದುಪಡಿಗೆ 2023ರ ಸೆಪ್ಟೆಂಬರ್‌ನಲ್ಲಿ 454 ಮತಗಳು ಪರವಾಗಿ, ಎರಡು ವಿರುದ್ಧವಾಗಿ ಬಿದ್ದವೆಂದು ನಾವು ಹೇಳಬಲ್ಲೆವಾದರೆ ಅದು ಮತವಿಭಜನೆಯಿಂದ. ಹಾಗಿರುವಾಗ ಉಳಿದ ಕಾಯ್ದೆಗಳಲ್ಲಿ ನಮ್ಮ ಪ್ರತಿನಿಧಿಯ ನಿಲುವು ಏನಿತ್ತು ಎಂಬುದಕ್ಕೆ, ಅವರು ಚರ್ಚೆಯಲ್ಲಿ ಮಾತನಾಡಿರದಿದ್ದರೆ, ಅವರದೇ ಕೈಬರಹದ ಸಾಕ್ಷ್ಯವಲ್ಲದೆ ಬೇರೆ ಆಧಾರವೇ ಇಲ್ಲ.

ಹೀಗೆಯೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಅಂದರೆ ವಿಪ್, ಇರುವಾಗ ಸಂಸದರ ಸ್ವಂತ ನಿಲುವಿಗೆ ಎಡೆ ಎಲ್ಲಿ ಎಂದು ಕೆಲವರು ಕೇಳಬಹುದು. 1985ರಲ್ಲಿ ಸಂವಿಧಾನಕ್ಕೆ ಸೇರಿದ, ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಮತವನ್ನು ಕಟ್ಟಿಹಾಕಿರುವುದು ನಿಜ. ಆದರೆ ಮತ ಹಾಕುವುದಕ್ಕೆ ಮೊದಲು ಚರ್ಚೆಯಲ್ಲಿ ಜಿಲ್ಲೆಯ ಕಷ್ಟವನ್ನು ಹೇಳುವುದನ್ನಾಗಲಿ, ಪ್ರಶ್ನೋತ್ತರ ವೇಳೆಗೆ ಪ್ರಶ್ನೆ ಕೊಡುವುದನ್ನಾಗಲಿ, ಊರಿಗೆ ಬಂದು ಮತದಾರರಿಗೆ ಕಾರಣ ವಿವರಿಸುವುದನ್ನಾಗಲಿ ಯಾವ ವಿಪ್ ಕೂಡ ತಡೆಯುವುದಿಲ್ಲ. ಪಕ್ಷದ ಆದೇಶದಂತೆ ಮತ ಹಾಕಿದೆ ಎಂದು ಬರೆದರೂ ನಮಗೆ ಅದೊಂದು ಪ್ರಾಮಾಣಿಕ ಉತ್ತರವೇ.

ಜಿಲ್ಲೆಯ ಸುದ್ದಿಯೂ ವರದಿಯಲ್ಲಿ ಬೇಕು, ಅದರ ದೆಹಲಿಯ ಕೊಂಡಿಯೊಡನೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಮೂರು ವಾರಗಳಲ್ಲಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಬಿದ್ದಿತು. ಹೆದ್ದಾರಿ ಕೇಂದ್ರದ್ದು. ಗುಡ್ಡ ಕಡಿದ ವಿಧಾನ, ಗುತ್ತಿಗೆಯ ಹೊಣೆ, ಮುಂದಿನ ಮಳೆಗಾಲಕ್ಕೆ ಯಾವ ತಿರುವುಗಳಲ್ಲಿ ರಕ್ಷಣಾ ಕಾಮಗಾರಿ ಆಗಬೇಕು ಎಂಬ ಪ್ರಶ್ನೆಗಳಿಗೆ ಲೋಕಸಭೆಯಲ್ಲಿ ಸಿಗುವ ಲಿಖಿತ ಉತ್ತರಗಳು ಸಂಸತ್ತಿನ ಜಾಲತಾಣದಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತವೆ. ಆ ಹೆದ್ದಾರಿಯ ಬದಿಯಲ್ಲೇ ಬದುಕುವವರ ಕೈಗೆ ಅವು ಕನ್ನಡದಲ್ಲಿ ಬರಬೇಡವೇ? ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಯಾವ ಸಚಿವಾಲಯದ ಯಾವ ಹಂತದಲ್ಲಿ ನಿಂತಿದೆ, ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರಲ್ಲಿ ಕಿಲೋಗೆ 351 ರೂಪಾಯಿಗೆ ಏರಿಸಿದ ಮೇಲೆ ಕಳ್ಳಸಾಗಣೆ ತಡೆಗೆ ಏನಾಗಿದೆ ಎಂಬುದೂ ಇದೇ ಬಗೆಯವು. ಕೇಂದ್ರದ ಯೋಜನೆಗಳ ಪರಿಶೀಲನೆಗೆಂದು ಸಂಸದರ ನೇತೃತ್ವದಲ್ಲಿ ಮೂರು ತಿಂಗಳಿಗೊಮ್ಮೆ ಸೇರಬೇಕಾದ ದಿಶಾ ಸಮಿತಿಯ ನಡಾವಳಿಯ ಸಾರವನ್ನು ಇದಕ್ಕೆ ಸೇರಿಸಿದರೆ ಅಧಿಕಾರಿಗಳು ಕೊಟ್ಟ ಗಡುವು ಜನರ ನೆನಪಿನಲ್ಲೂ ಉಳಿದೀತು.

ಅಮೆರಿಕದ ಸಂಸತ್ತಿನ ಸದಸ್ಯರು ಇಂಥ ಪತ್ರಗಳನ್ನು ಬಹಳ ಕಾಲದಿಂದ ಕಳಿಸುತ್ತಿದ್ದಾರೆ. ಅಂಚೆ ಚೀಟಿಯ ಜಾಗದಲ್ಲಿ ಸದಸ್ಯರ ಸಹಿಯೇ ಇರುತ್ತದೆ, ವೆಚ್ಚ ಸರ್ಕಾರದ್ದು. ಆದ್ದರಿಂದಲೇ ಅದರಲ್ಲಿ ಚುನಾವಣಾ ಪ್ರಚಾರ ನುಸುಳದಂತೆ ಎರಡೂ ಪಕ್ಷಗಳ ಸದಸ್ಯರಿರುವ ಆಯೋಗವೊಂದು ನೋಡಿಕೊಳ್ಳುತ್ತದೆ. ನಮ್ಮಲ್ಲಿ ಕೂಡ ಸಂಸದರ ಕಚೇರಿ ವೆಚ್ಚದ ಭತ್ಯೆಯಲ್ಲಿ ಲೇಖನ ಸಾಮಗ್ರಿ ಮತ್ತು ಅಂಚೆಯ ಬಾಬತ್ತು ಸೇರಿದೆ. ಮನೆಮನೆಗೆ ಅಚ್ಚು ಹಾಕಿಸುವುದು ದುಬಾರಿಯಾದರೆ ಪ್ರತಿ ಗ್ರಾಮ ಪಂಚಾಯಿತಿಗೆ, ಗ್ರಂಥಾಲಯಕ್ಕೆ, ಸಹಕಾರಿ ಸಂಘಕ್ಕೆ ಒಂದೊಂದು ಪ್ರತಿ ಸಾಕು. ಉಳಿದವರಿಗೆ ವಾಟ್ಸ್‌ಆ್ಯಪ್ ಇದೆ.

ನಮ್ಮ ಕ್ಷೇತ್ರದ ಮಟ್ಟಿಗೆ ಇನ್ನೊಂದು ವಿನಂತಿ. ಖಾನಾಪುರ ಮತ್ತು ಕಿತ್ತೂರು ಬೆಳಗಾವಿ ಜಿಲ್ಲೆಯವಾದರೂ ಉತ್ತರ ಕನ್ನಡ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಕಾರವಾರದಲ್ಲಿ ನಡೆಯುವ ಸಭೆಗಳ ಸುದ್ದಿ ಆ ಕಡೆಗೆ ತಲುಪುವುದು ಕಡಿಮೆ, ಅಲ್ಲಿಯದು ನಮಗೆ ತಲುಪುವುದೂ ಅಷ್ಟೇ. ವರದಿ ಎರಡೂ ಜಿಲ್ಲೆಗಳ ವಿಷಯವನ್ನು ಒಳಗೊಂಡು, ಖಾನಾಪುರದ ಮರಾಠಿ ಓದುಗರಿಗೆ ಅವರ ಭಾಷೆಯಲ್ಲೂ ಸಿಗುವಂತಾಗಲಿ. ಮುಂದಿನ ಅಧಿವೇಶನ ಮುಗಿದ ಒಂದು ತಿಂಗಳೊಳಗೆ ಮೊದಲ ವರದಿ ಬರಲೆಂದು ಕೋರುತ್ತೇನೆ. ತಮ್ಮ ಪತ್ರಿಕೆಯೂ ಅದಕ್ಕೆ ಜಿಲ್ಲಾ ಪುಟದಲ್ಲಿ ಸ್ಥಳ ಕೊಡಬೇಕೆಂದು ವಿನಂತಿಸುತ್ತೇನೆ.

ಇತಿ,
ಶಿರಸಿ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ